ಬೇಡದ ಇಮೇಲ್‌ಗೆ ದೂರು ಎಲ್ಲಿ ಕೊಡಬೇಕು? ಸ್ಪ್ಯಾಮ್‌ಕಾಪ್ ಮತ್ತಿತರ ಸೌಲಭ್ಯಗಳ ಪರಿಶೀಲನೆ

ಬೇಡದ ಇಮೇಲ್ ಬಂದಾಗ ನಮ್ಮಲ್ಲಿ ಬಹುತೇಕರು ಅದನ್ನು ಅಳಿಸಿ ಸುಮ್ಮನಾಗುತ್ತಾರೆ. ಅಳಿಸಿದರೆ ಪತ್ರ ನಮ್ಮ ಕಣ್ಣಿಂದ ಮರೆಯಾಗುತ್ತದೆಯೇ ಹೊರತು ಕಳುಹಿಸಿದವರಿಗೆ ಯಾವ ಅಡ್ಡಿಯೂ ಆಗುವುದಿಲ್ಲ. ದೂರು ಕೊಡುವ ದಾರಿಗಳು ಇಲ್ಲವೆಂದಲ್ಲ. ಹಲವು ಇವೆ, ಬಹುಪಾಲು ಉಚಿತವಾಗಿಯೇ ಇವೆ. ಯಾವ ಬಗೆಯ ಪತ್ರಕ್ಕೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಿಕೊಡುವವರು ಮಾತ್ರ ಕಡಿಮೆ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಇಮೇಲ್ ಪೆಟ್ಟಿಗೆಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿದೆ. ಆ ವಿಳಾಸ ಸಂಘದ ಫಲಕದಲ್ಲಿ, ರಸೀದಿಯಲ್ಲಿ, ವೆಬ್‌ತಾಣದಲ್ಲಿ ಬಹಿರಂಗವಾಗಿ ಇರುವುದರಿಂದ ಅಲ್ಲಿಗೆ ಬರುವ ಕಸದ ಪತ್ರಗಳಿಗೆ ಕೊರತೆಯಿಲ್ಲ. ಅವುಗಳನ್ನು ನಿಭಾಯಿಸಲು ಬಳಸುತ್ತಿರುವ ಸೌಲಭ್ಯಗಳ ಬಗ್ಗೆ, ಅವುಗಳಲ್ಲೂ ಕಸದ ಪತ್ರದ ಮೂಲ ಹುಡುಕಿ ದೂರು ಕಳುಹಿಸಲು ನೆರವಾಗುವ ಸ್ಪ್ಯಾಮ್‌ಕಾಪ್ ತಾಣದ ಬಗ್ಗೆ ತುಸು ವಿವರವಾಗಿ, ಇಲ್ಲಿ ಬರೆಯುತ್ತಿದ್ದೇನೆ.

ದೂರು ಕೊಡುವ ಮೊದಲು ಬಂದಿರುವ ಪತ್ರ ಯಾವ ಜಾತಿಯದು ಎಂಬುದನ್ನು ಗುರುತಿಸಿಕೊಳ್ಳಬೇಕು. ನಾವೇ ಎಂದೋ ಒಪ್ಪಿಗೆ ಕೊಟ್ಟು ಮರೆತ ಅಂಗಡಿ, ವಿಮಾ ಕಂಪನಿ, ಟಿಕೆಟ್ ಆ್ಯಪ್‌ಗಳ ಜಾಹೀರಾತು ಒಂದು ಬಗೆ. ಎಲ್ಲಿಂದಲೋ ಸಿಕ್ಕ ವಿಳಾಸಗಳ ಪಟ್ಟಿ ಹಿಡಿದು, ಯಾರ ಒಪ್ಪಿಗೆಯೂ ಇಲ್ಲದೆ ಸಾವಿರಾರು ಜನರಿಗೆ ಒಟ್ಟಿಗೆ ಕಳುಹಿಸಿದ ಪತ್ರ ಇನ್ನೊಂದು ಬಗೆ. ಬ್ಯಾಂಕು, ತೆರಿಗೆ ಇಲಾಖೆ, ಪೊಲೀಸರ ಹೆಸರು ಹೇಳಿ ದುಡ್ಡು ಅಥವಾ ಪಾಸ್‌ವರ್ಡ್ ಕೀಳಲು ಬರುವ ಪತ್ರ ನೇರ ಅಪರಾಧ. ಈ ಮೂರನ್ನೂ ಒಂದೇ ಕಡೆಗೆ ಕಳುಹಿಸಿದರೆ ಕೆಲಸವಾಗುವುದಿಲ್ಲ, ದೂರು ಕೊಟ್ಟವರಿಗೂ ಬೇಸರ ಉಳಿಯುತ್ತದೆ.

ಜಿಮೇಲ್ ಬಳಸುವವರ ಕೈಯಲ್ಲಿರುವ ಅತ್ಯಂತ ಸರಳ ಸಾಧನವೆಂದರೆ ‘ರಿಪೋರ್ಟ್ ಸ್ಪ್ಯಾಮ್’ ಗುಂಡಿ. ಅದನ್ನು ಒತ್ತಿದರೆ ಪತ್ರ ಸ್ಪ್ಯಾಮ್ ಕಡತಕ್ಕೆ ಹೋಗಿ 30 ದಿನಗಳ ಬಳಿಕ ತಾನಾಗಿ ಅಳಿಯುತ್ತದೆ. ಅದರ ಒಂದು ಪ್ರತಿ ಗೂಗಲ್‌ಗೆ ಸೇರುತ್ತದೆ. ಇಷ್ಟಕ್ಕೇ ಏನಾದೀತು ಎಂದು ಕೇಳುವವರಿದ್ದಾರೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಒಟ್ಟಾಗಿ ಜಾರಿಗೆ ತಂದ ನಿಯಮಗಳನ್ನು ನೋಡಿದರೆ ಈ ಗುಂಡಿಯ ತೂಕ ತಿಳಿಯುತ್ತದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ತಮ್ಮ ಡೊಮೇನಿಗೆ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ಬಳಿಕ ಬರುವ ಹೆಸರಿಗೆ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ನಿಜಕ್ಕೂ ಆ ಡೊಮೇನಿನದೇ ಎಂದು ತೋರಿಸುವ ಮೂರು ದೃಢೀಕರಣಗಳನ್ನು ಹೊಂದಿಸಿಕೊಂಡಿರಬೇಕು, ಜಾಹೀರಾತಿನ ಪತ್ರಗಳಿಂದ ಒಂದೇ ಕ್ಲಿಕ್ಕಿನಲ್ಲಿ ಹೊರಬರಲು ಅನುಕೂಲ ಮಾಡಿಕೊಡಬೇಕು, ಹೊರಬರಲು ಕೇಳಿದವರ ಕೋರಿಕೆಯನ್ನು ಎರಡು ದಿನಗಳೊಳಗೆ ಈಡೇರಿಸಬೇಕು, ಮತ್ತು ತಮ್ಮ ಮೇಲಿನ ಸ್ಪ್ಯಾಮ್ ದೂರುಗಳ ಪ್ರಮಾಣ ಶೇ 0.3ರ ಒಳಗೇ ಇರುವಂತೆ ನೋಡಿಕೊಳ್ಳಬೇಕು. ಅಂದರೆ ಸಾವಿರ ಜನರಲ್ಲಿ ಮೂವರು ಈ ಗುಂಡಿ ಒತ್ತಿದರೂ ಸಾಕು, ದೊಡ್ಡ ಕಂಪನಿಯ ಪತ್ರಗಳು ಇನ್‌ಬಾಕ್ಸ್ ತಲುಪುವುದೇ ಕಷ್ಟವಾಗತೊಡಗುತ್ತದೆ. ಸಾಮಾನ್ಯ ಬಳಕೆದಾರರಿಗೆ ಇಷ್ಟು ಬಲವಿರುವ ಸಾಧನ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಷ್ಟು ಬಲವಿರುವುದರಿಂದಲೇ ಅದನ್ನು ಎಚ್ಚರದಿಂದ ಬಳಸಬೇಕು. ತಾವೇ ಸದಸ್ಯರಾಗಿ ಸೇರಿದ ಕನ್ನಡ ಸಂಘ, ಹಳೆಯ ವಿದ್ಯಾರ್ಥಿಗಳ ಬಳಗ ಅಥವಾ ಪತ್ರಿಕೆಯಿಂದ ಬರುವ ಸುದ್ದಿಪತ್ರ ಸಾಕೆನಿಸಿದಾಗ ಕೆಲವರು ಅದನ್ನು ಸ್ಪ್ಯಾಮ್ ಎಂದು ಗುರುತಿಸಿಬಿಡುತ್ತಾರೆ. ವಿದೇಶದಲ್ಲಿರುವ ಸಣ್ಣ ಕನ್ನಡ ಸಂಘವೊಂದು ಯುಗಾದಿ ಅಥವಾ ರಾಜ್ಯೋತ್ಸವದ ಆಹ್ವಾನ ಕಳುಹಿಸಿದಾಗ ಹತ್ತಾರು ಜನ ಹೀಗೆ ಮಾಡಿದರೆ ಉಳಿದ ಸದಸ್ಯರಿಗೂ ಆ ಆಹ್ವಾನ ಸ್ಪ್ಯಾಮ್ ಕಡತದಲ್ಲೇ ಸಿಗುವ ಸಂಭವವಿದೆ. ಇಂಥ ಪತ್ರಗಳಿಗೆ ‘ಅನ್‌ಸಬ್‌ಸ್ಕ್ರೈಬ್’ ಸರಿಯಾದ ದಾರಿ. ಅಲ್ಲಿಯೂ ಒಂದು ವ್ಯತ್ಯಾಸವಿದೆ: ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ‘ಅನ್‌ಸಬ್‌ಸ್ಕ್ರೈಬ್’ ಪದ ಬೇರೆ, ಪತ್ರದ ತಳದಲ್ಲಿ ಕಳುಹಿಸಿದವರು ಇಟ್ಟಿರುವ ಲಿಂಕ್ ಬೇರೆ. ಮೊದಲನೆಯದನ್ನು ಬಳಸುವುದು ಲೇಸು. ಅಪರಿಚಿತರ ಪತ್ರದ ತಳದ ಲಿಂಕನ್ನು ಒತ್ತಬಾರದು. ಈ ವಿಳಾಸವನ್ನು ಯಾರೋ ಓದುತ್ತಿದ್ದಾರೆ ಎಂಬ ಖಚಿತ ಮಾಹಿತಿಯನ್ನು ನಾವೇ ಅವರಿಗೆ ಒದಗಿಸಿದಂತಾಗುತ್ತದೆ.

ಗುಂಡಿಯ ಮಿತಿಯೆಂದರೆ, ಒತ್ತಿದ ಬಳಿಕ ಏನಾಯಿತು ಎಂಬುದು ನಮಗೆ ತಿಳಿಯುವುದಿಲ್ಲ. ಪತ್ರ ಎಲ್ಲಿಂದ ಹೊರಟಿತು, ಅದಕ್ಕೆ ಜಾಗ ಕೊಟ್ಟವರು ಯಾರು, ಅವರಿಗೆ ಸುದ್ದಿ ಮುಟ್ಟಿತೇ ಎಂಬುದನ್ನು ತಿಳಿಯಬಯಸುವವರಿಗೆ ಇರುವುದು ಸ್ಪ್ಯಾಮ್‌ಕಾಪ್. ಜೂಲಿಯನ್ ಹೈಟ್ ಎಂಬುವರು 1998ರಲ್ಲಿ ಆರಂಭಿಸಿದ ಈ ಸೇವೆಯನ್ನು 2003ರಲ್ಲಿ ಐರನ್‌ಪೋರ್ಟ್ ಕಂಪನಿ ಕೊಂಡಿತು. 2007ರಲ್ಲಿ ಐರನ್‌ಪೋರ್ಟನ್ನೇ ಸಿಸ್ಕೊ ಕೊಂಡಿತು. ತಾಣದ ನೋಟ ಹಳೆಯ ಕಾಲದ್ದು. ಎಲ್ಲವೂ ಇಂಗ್ಲಿಷಿನಲ್ಲಿದೆ, ವಿವರಣೆಗಳಲ್ಲಿ ತಾಂತ್ರಿಕ ಪದಗಳು ತುಂಬಿವೆ. ಮೊದಲ ಸಲ ನೋಡಿದವರು ಹಿಂಜರಿಯುವುದು ಸಹಜ. ಉಚಿತ ಖಾತೆ ತೆರೆದು ಒಂದೆರಡು ದೂರು ಸಲ್ಲಿಸಿದರೆ ಮಾತ್ರ ಅದರ ಒಳಗಿನ ಅಚ್ಚುಕಟ್ಟು ಕಾಣತೊಡಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಸಂಘದ ಪೆಟ್ಟಿಗೆಗೆ ಮತ್ತೆಮತ್ತೆ ಬರುವ ಪತ್ರಗಳಲ್ಲಿ ವಿಳಾಸಪಟ್ಟಿಗಳನ್ನೇ ಮಾರುವವರ ಪತ್ರ ಒಂದು: ಬೆಂಗಳೂರಿನ ವೈದ್ಯರು, ಲೆಕ್ಕಪರಿಶೋಧಕರು, ಅಪಾರ್ಟ್‌ಮೆಂಟ್ ಸಂಘಗಳು, ಕಾರು ಮಾಲೀಕರು ಎಂದು ವಿಂಗಡಿಸಿದ ಲಕ್ಷಾಂತರ ಇಮೇಲ್ ಮತ್ತು ಮೊಬೈಲ್ ಸಂಖ್ಯೆಗಳು ಕೆಲವೇ ಸಾವಿರ ರೂಪಾಯಿಗೆ ದೊರೆಯುತ್ತವೆ ಎಂದು ಅದು ಹೇಳುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಆ ಪತ್ರವನ್ನು ತೆರೆದು, ಬಲಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ‘ಶೋ ಒರಿಜಿನಲ್’ ಆಯ್ದುಕೊಂಡರೆ ಪತ್ರ ಬಂದ ದಾರಿಯ ವಿವರಗಳಿರುವ ಪೂರ್ತಿ ತಲೆಬರಹ (ಹೆಡರ್) ಬಿಚ್ಚಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆ ‘ಪಾಸ್’ ಅಥವಾ ‘ಫೇಲ್’ ಎಂಬ ಗುರುತು ಇರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ‘ಪಾಸ್’ ಎಂದಿದ್ದರೆ ಪತ್ರ ಪ್ರಾಮಾಣಿಕವಾದದ್ದು ಎಂದು ಅರ್ಥವಲ್ಲ, ಆ ಡೊಮೇನಿನ ಒಡೆಯರ ಅನುಮತಿಯಿಂದಲೇ ಹೊರಟಿದೆ ಎಂದಷ್ಟೇ ಅರ್ಥ. ವಂಚಕರೂ ಸ್ವಂತ ಡೊಮೇನ್ ಕೊಂಡು ಮೂರರಲ್ಲೂ ‘ಪಾಸ್’ ಆಗಬಲ್ಲರು. ಅದರ ಕೆಳಗೆ ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳು ಒಂದರ ಮೇಲೊಂದು ಇರುತ್ತವೆ. ಪತ್ರ ದಾಟಿಬಂದ ಪ್ರತಿಯೊಂದು ಸರ್ವರ್ ತನ್ನ ಸಾಲನ್ನು ಮೇಲೆ ಸೇರಿಸುತ್ತಾ ಬಂದಿರುತ್ತದೆ. ಎಲ್ಲಕ್ಕಿಂತ ಮೇಲಿನದು ನಮ್ಮ ಸರ್ವರ್ ಬರೆದದ್ದು, ಅದನ್ನು ನಂಬಬಹುದು. ಕೆಳಗಿನವನ್ನು ಕಳುಹಿಸಿದವರೇ ಕೃತಕವಾಗಿ ಬರೆದಿರಬಹುದು.

ಸ್ಪ್ಯಾಮ್‌ಕಾಪ್ ಮಾಡುವ ಮುಖ್ಯ ಕೆಲಸ ಇದೇ. ಪೂರ್ತಿ ಪಠ್ಯವನ್ನು ನಕಲಿಸಿ ಅದರ ಚೌಕದಲ್ಲಿ ಹಾಕಿದರೆ, ಅದು ಮೇಲಿನ ಸಾಲಿನಿಂದ ಒಂದೊಂದಾಗಿ ಕೆಳಗಿಳಿಯುತ್ತಾ, ಪ್ರತಿ ಹಂತದ ಐಪಿ ವಿಳಾಸ (ಅಂತರ್ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಮತ್ತು ಸರ್ವರ್ ಹೆಸರು ತಾಳೆಯಾಗುತ್ತವೆಯೇ ಎಂದು ನೋಡಿ, ನಂಬಿಕೆ ಮುರಿಯುವ ಜಾಗದಲ್ಲಿ ನಿಂತು, ಪತ್ರ ನಿಜವಾಗಿ ಹೊರಟ ವಿಳಾಸ ಇದು ಎಂದು ತೀರ್ಮಾನಿಸುತ್ತದೆ. ಬಳಿಕ ಆ ವಿಳಾಸ ಯಾವ ಸಂಸ್ಥೆಯ ಜಾಲಕ್ಕೆ ಸೇರಿದೆ, ಅಲ್ಲಿ ದುರ್ಬಳಕೆಯ ದೂರು ಸ್ವೀಕರಿಸುವ ವಿಳಾಸ ಯಾವುದು ಎಂಬುದನ್ನು ಹುಡುಕಿ ಕೊಡುತ್ತದೆ. ಪತ್ರದೊಳಗಿನ ಲಿಂಕ್‌ಗಳು ಸರ್ವರ್ ಜಾಗ ಬಾಡಿಗೆಗೆ ಕೊಡುವ ಯಾವ ಹೋಸ್ಟಿಂಗ್ ಕಂಪನಿಯಲ್ಲಿವೆ ಎಂಬುದನ್ನೂ ಪತ್ತೆ ಮಾಡುತ್ತದೆ. ನಾನು ಹೇಳಿದ ಪತ್ರದಲ್ಲಿ ಕಳುಹಿಸಿದವರ ಹೆಸರು ಅಪ್ಪಟ ಭಾರತೀಯ ಮಾರ್ಕೆಟಿಂಗ್ ಸಂಸ್ಥೆಯದಾಗಿತ್ತು; ಹೊರಟ ಸರ್ವರ್ ಮಾತ್ರ ಯುರೋಪಿನ ಹೋಸ್ಟಿಂಗ್ ಕಂಪನಿಯೊಂದರ ಬಾಡಿಗೆ ಜಾಗವಾಗಿತ್ತು. ಕೊನೆಯಲ್ಲಿ ಯಾರಿಗೆಲ್ಲ ದೂರು ಹೋಗಬೇಕು ಎಂಬ ಪಟ್ಟಿ ಬರುತ್ತದೆ, ಪ್ರತಿಯೊಂದರ ಪಕ್ಕದಲ್ಲೂ ಗುರುತು ಹಾಕುವ ಪೆಟ್ಟಿಗೆ ಇರುತ್ತದೆ. ನಾವು ಒಪ್ಪಿ ಕಳುಹಿಸುವ ತನಕ ಯಾವ ದೂರೂ ಹೊರಡುವುದಿಲ್ಲ. ಯಂತ್ರದ ತೀರ್ಮಾನವನ್ನು ಮನುಷ್ಯರ ಮುಂದಿಟ್ಟು ಒಪ್ಪಿಗೆ ಕೇಳುವ ಈ ಕ್ರಮ ನನಗೆ ಬಹಳ ಹಿಡಿಸಿದೆ.

ನಾವು ಸಲ್ಲಿಸಿದ ದೂರುಗಳಿಂದ ಇನ್ನೊಂದು ಉಪಯೋಗವೂ ಇದೆ. ಸ್ಪ್ಯಾಮ್‌ಕಾಪ್ ತನ್ನ ಬಳಕೆದಾರರ ದೂರುಗಳು ಮತ್ತು ಬೇಕೆಂದೇ ಇಟ್ಟ ಬಲೆ ವಿಳಾಸಗಳಿಗೆ ಬಂದ ಪತ್ರಗಳನ್ನು ಆಧರಿಸಿ ಐಪಿ ವಿಳಾಸಗಳ ತಡೆಪಟ್ಟಿಯೊಂದನ್ನು ನಡೆಸುತ್ತದೆ, ಜಗತ್ತಿನ ಅನೇಕ ಇಮೇಲ್ ಸರ್ವರ್‌ಗಳು ಅದನ್ನು ನೋಡಿಕೊಂಡೇ ಪತ್ರ ಒಳಗೆ ಬಿಡುತ್ತವೆ. ದೂರುಗಳು ನಿಂತ 24 ಗಂಟೆಗಳ ಬಳಿಕ ವಿಳಾಸ ಪಟ್ಟಿಯಿಂದ ತಾನಾಗಿ ಹೊರಬೀಳುವುದರಿಂದ, ವೈರಸ್ ತಗುಲಿ ಒಂದು ದಿನ ಕಸ ಕಳುಹಿಸಿ ಬಳಿಕ ಸರಿಪಡಿಸಿಕೊಂಡ ಸಣ್ಣ ಕಚೇರಿಗೆ ಶಾಶ್ವತ ಶಿಕ್ಷೆಯಾಗುವುದಿಲ್ಲ. ಇಷ್ಟು ಜನ ನೆಚ್ಚಿಕೊಂಡ ಪಟ್ಟಿಯಲ್ಲೂ 2021ರ ಜನವರಿ ಕೊನೆಯಲ್ಲಿ ದೊಡ್ಡ ಎಡವಟ್ಟು ಸಂಭವಿಸಿತು. ಸ್ಪ್ಯಾಮ್‌ಕಾಪ್‌ನ ಡೊಮೇನ್ ಹೆಸರಿನ ನವೀಕರಣ ತಪ್ಪಿ ಅದರ ಅವಧಿ ಮುಗಿಯಿತು. ಆಗ ಪಟ್ಟಿಯನ್ನು ವಿಚಾರಿಸಿದ ಸರ್ವರ್‌ಗಳಿಗೆಲ್ಲ, ಕೇಳಿದ ಪ್ರತಿಯೊಂದು ವಿಳಾಸವೂ ತಡೆಪಟ್ಟಿಯಲ್ಲಿದೆ ಎಂಬಂತೆ ಉತ್ತರ ಹೋಗತೊಡಗಿ, ಅನೇಕ ಕಡೆ ಸಾಚಾ ಪತ್ರಗಳೂ ಮರಳಿಹೋದವು. ಡೊಮೇನ್ ನವೀಕರಿಸಿದ ಮೇಲೆ ಸೇವೆ ಸರಿಹೋಯಿತು. ಇಂಥ ಸಾರ್ವಜನಿಕ ಸೇವೆ ನಡೆಸುವವರಿಂದ ಹೆಚ್ಚಿನ ಜಾಗರೂಕತೆಯನ್ನು ನಿರೀಕ್ಷಿಸುವುದು ನ್ಯಾಯವೇ.

ಬಳಸುವವರು ತಿಳಿದಿರಬೇಕಾದ ತೊಡಕುಗಳೂ ಇವೆ. ಎರಡು ದಿನಗಳಿಗಿಂತ ಹಳೆಯ ಪತ್ರವನ್ನು ಸ್ಪ್ಯಾಮ್‌ಕಾಪ್ ಸ್ವೀಕರಿಸುವುದಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆ ನೋಡುವವರಿಗೆ ಇದು ಒದಗುವುದಿಲ್ಲ. ಸ್ವಂತ ಡೊಮೇನಿಗೆ ಬಂದ ಪತ್ರ ಜಿಮೇಲ್‌ಗೆ ಫಾರ್ವರ್ಡ್ ಆಗುವ ವ್ಯವಸ್ಥೆಯಿದ್ದರೆ, ‘ಮೇಲ್‌ಹೋಸ್ಟ್ಸ್’ ಎಂಬ ವಿಭಾಗದಲ್ಲಿ ನಮ್ಮ ಸರ್ವರ್‌ಗಳು ಯಾವುವು ಎಂದು ಮೊದಲೇ ನೋಂದಾಯಿಸಬೇಕು. ಇಲ್ಲವಾದರೆ ನಡುವೆ ಪತ್ರ ದಾಟಿಸಿಕೊಟ್ಟ ನಮ್ಮದೇ ಹೋಸ್ಟಿಂಗ್ ಕಂಪನಿಯ ಮೇಲೆ ದೂರು ಹೋಗುವ ಅಪಾಯವಿದೆ. ದೂರಿನಲ್ಲಿ ನಮ್ಮ ಇಮೇಲ್ ವಿಳಾಸವನ್ನು ಅದು ಮರೆಮಾಚುತ್ತದೆ. ಆದರೂ ಪತ್ರದೊಳಗಿನ ಲಿಂಕ್‌ಗಳಲ್ಲಿ ನಮ್ಮನ್ನು ಗುರುತಿಸುವ ಸಂಕೇತ ಅಡಗಿರಬಹುದು. ಯಾರೋ ಜಿಮೇಲ್ ಅಥವಾ ಔಟ್‌ಲುಕ್ ಖಾತೆಯಿಂದಲೇ ಕಳುಹಿಸಿದ ಕಸದ ಪತ್ರವಾದರೆ ಜಾಡು ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಸರ್ವರ್‌ಗೆ ಬಂದು ನಿಲ್ಲುತ್ತದೆ, ಅದರಾಚೆ ಯಾರಿದ್ದಾರೆ ಎಂಬುದು ತಿಳಿಯುವುದಿಲ್ಲ. ಅಂಥವುಗಳಿಗೆ ಮೊದಲು ಹೇಳಿದ ಗುಂಡಿಯೇ ಸಾಕು. ದೂರಿಗೆ ಹೋಸ್ಟಿಂಗ್ ಕಂಪನಿಗಳಿಂದ ಉತ್ತರ ಬರುವುದು ಅಪರೂಪ. ಇಷ್ಟೆಲ್ಲ ಇದ್ದರೂ ಸಂಘ, ಶಾಲೆ, ಸಹಕಾರಿ ಸಂಸ್ಥೆಗಳ ಇಮೇಲ್ ನೋಡಿಕೊಳ್ಳುವವರಿಗೆ ನಾನು ಸ್ಪ್ಯಾಮ್‌ಕಾಪನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಮನೆಮಂದಿಯ ಮೊಬೈಲಿನಲ್ಲಿ ಮಾತ್ರ ಇಮೇಲ್ ನೋಡುವವರಿಗೆ ಮಾಡುವುದಿಲ್ಲ.

ವಂಚನೆಯ ಪತ್ರಗಳ ವಿಚಾರ ಬೇರೆ. ಇಲ್ಲಿ ಕಸ ತಡೆಯುವುದಕ್ಕಿಂತ ಯಾರದೋ ದುಡ್ಡು ಉಳಿಸುವುದು ಮುಖ್ಯ. ಆದಾಯ ತೆರಿಗೆ ಮರುಪಾವತಿ ಬಂದಿದೆ, ಖಾತೆ ಸಂಖ್ಯೆ ದೃಢೀಕರಿಸಿ ಎನ್ನುವ ಪತ್ರಗಳು ರಿಟರ್ನ್ಸ್ ಸಲ್ಲಿಕೆಯ ದಿನಗಳಲ್ಲಿ ಹೆಚ್ಚುತ್ತವೆ. ಅಂಥವನ್ನು ತೆರಿಗೆ ಇಲಾಖೆಯ ವೆಬ್‌ಮ್ಯಾನೇಜರ್ ವಿಳಾಸಕ್ಕೆ ಫಾರ್ವರ್ಡ್ ಮಾಡಿ, ಸೈಬರ್ ಭದ್ರತೆಯ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ‘ಇನ್ಸಿಡೆಂಟ್’ ವಿಳಾಸಕ್ಕೆ ಪ್ರತಿ ಕಳುಹಿಸಬೇಕೆಂದು ಇಲಾಖೆಯೇ ತನ್ನ ತಾಣದಲ್ಲಿ ತಿಳಿಸಿದೆ. ಇನ್ನೂ ಕ್ರೂರವಾದವು ಪೊಲೀಸರ ಹೆಸರಿನ ಪತ್ರಗಳು. ಸಿಬಿಐ ಅಥವಾ ಕೇಂದ್ರದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಮೊಹರು, ದೊಡ್ಡ ಅಧಿಕಾರಿಗಳ ಸಹಿ ಎಲ್ಲವನ್ನೂ ಅಂಟಿಸಿದ ಪಿಡಿಎಫ್ ಕಡತದಲ್ಲಿ, ನೀವು ಅಶ್ಲೀಲ ದೃಶ್ಯ ನೋಡಿದ್ದೀರಿ, ತಕ್ಷಣ ಉತ್ತರಿಸದಿದ್ದರೆ ಬಂಧನವಾಗುತ್ತದೆ ಎಂದು ಬರೆದಿರುತ್ತದೆ. ಇವು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಹಲವು ಸಲ ಎಚ್ಚರಿಸಿದೆ. ಮರ್ಯಾದೆಗೆ ಅಂಜುವ ಹಿರಿಯರು ಇಂಥ ಪತ್ರವನ್ನು ಮನೆಯವರಿಗೂ ತೋರಿಸದೆ ಒಳಗೊಳಗೇ ನಡುಗುತ್ತಾರೆ. ಅವರಿಗೆ ಧೈರ್ಯ ಹೇಳುವವರು ಮನೆಯಲ್ಲಿ ಒಬ್ಬರಿರಬೇಕು.

ಇಂಥವಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್ ಇದೆ. ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. 2019ರಲ್ಲಿ ಆರಂಭವಾದ ಈ ತಾಣದಲ್ಲಿ ದುಡ್ಡು ಕಳೆದುಕೊಂಡವರು ದೂರು ದಾಖಲಿಸಬಹುದು. ದುಡ್ಡು ಕಳೆದುಕೊಳ್ಳದಿದ್ದರೂ ಸಂಶಯಾಸ್ಪದ ಇಮೇಲ್ ವಿಳಾಸ, ಫೋನ್ ಸಂಖ್ಯೆ, ವೆಬ್ ವಿಳಾಸಗಳನ್ನು ವರದಿ ಮಾಡುವ ವಿಭಾಗವಿದೆ. ಒಂದು ವಿಳಾಸದ ಮೇಲೆ ಈಗಾಗಲೇ ದೂರು ಇದೆಯೇ ಎಂದು ಹುಡುಕಿ ನೋಡುವ ಅನುಕೂಲವೂ ಇದೆ. ಈ ಹುಡುಕಾಟವನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಕೆಲಸ ಕೊಡಿಸುತ್ತೇವೆಂದು ಬಂದ ಪತ್ರವನ್ನು ಹಿಡಿದುಕೊಂಡು ಬರುವ ನೆರೆಯ ಹುಡುಗರಿಗೆ ಅಲ್ಲಿಯೇ ತೋರಿಸಿಕೊಡಬಹುದು. ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ವಿಳಾಸ ಸಾಚಾ ಎಂದು ತಿಳಿಯಬಾರದು. ದುಡ್ಡು ಹೋಗಿದ್ದರೆ ಪೋರ್ಟಲಿಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಪ್ರಯತ್ನ ಆಗುವುದು ಆ ಕರೆಯಿಂದ. ಜೊತೆಗೆ ಬ್ಯಾಂಕಿಗೂ ತಿಳಿಸಬೇಕು. ಗ್ರಾಹಕರ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ನಡೆದ ವಹಿವಾಟನ್ನು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿತ್ತು. ಒಟಿಪಿಯನ್ನು ನಾವೇ ಹೇಳಿದ್ದರೆ ತಿಳಿಸುವ ತನಕದ ನಷ್ಟ ನಮ್ಮದೇ. ಆದ್ದರಿಂದ ನಾಚಿಕೆಯಿಂದ ಕಾಯುತ್ತಾ ಕೂರಬಾರದು. ಕರ್ನಾಟಕದಲ್ಲಿ ಜಿಲ್ಲೆಗಳ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ. ಅನೇಕರು ಗೊಂದಲ ಮಾಡಿಕೊಳ್ಳುವ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್‌ಗಳಿಗೆ ಮೀಸಲು. ಇಮೇಲ್‌ಗೆ ಅಲ್ಲಿ ಜಾಗವಿಲ್ಲ.

ತಡೆಯುವ ಉಪಾಯಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಬೇರೆಬೇರೆ ಕಡೆ ಬೇರೆಬೇರೆ ವಿಳಾಸ ಕೊಡುವುದು. ಜಿಮೇಲ್‌ನಲ್ಲಿ ಹೆಸರಿನ ಬಳಿಕ ಒಂದು ಕೂಡು ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಪತ್ರ ನಮಗೇ ಬರುತ್ತದೆ. ಪೀಠೋಪಕರಣದ ಅಂಗಡಿಯೊಂದರಲ್ಲಿ ಬಿಲ್ ಮಾಡಿಸುವಾಗ ಹೀಗೆ ಅಂಗಡಿಯ ಹೆಸರನ್ನೇ ಸೇರಿಸಿ ವಿಳಾಸ ಕೊಟ್ಟಿದ್ದೆ. ಕೆಲವು ತಿಂಗಳ ಬಳಿಕ ವೈಯಕ್ತಿಕ ಸಾಲ ಕೊಡುತ್ತೇವೆಂಬ ಪತ್ರಗಳು ಅದೇ ವಿಳಾಸಕ್ಕೆ ಬರತೊಡಗಿದವು. ಆ ವಿಳಾಸವನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಅಂಗಡಿಯವರು ಮಾರಿದರೋ, ಅವರ ಕಡತ ಸೋರಿತೋ, ಸೋರಿದ್ದಂತೂ ಅಲ್ಲಿಂದಲೇ. ಅಂದೇ ಆ ವಿಳಾಸಕ್ಕೆ ಬರುವ ಪತ್ರಗಳೆಲ್ಲ ನೇರವಾಗಿ ಕಸಕ್ಕೆ ಹೋಗುವಂತೆ ಫಿಲ್ಟರ್ ಹಾಕಿದೆ. ಈ ಉಪಾಯದ ದೌರ್ಬಲ್ಯವೆಂದರೆ, ಕೂಡು ಚಿಹ್ನೆಯ ನಂತರದ್ದನ್ನು ಕತ್ತರಿಸಿ ಮೂಲ ವಿಳಾಸ ಕಂಡುಕೊಳ್ಳುವುದು ಯಾರಿಗೂ ಕಷ್ಟವಲ್ಲ. ಕೆಲವು ವೆಬ್ ಅರ್ಜಿಗಳು ಆ ಚಿಹ್ನೆಯನ್ನು ಒಪ್ಪುವುದೂ ಇಲ್ಲ. ಮೂಲ ವಿಳಾಸವನ್ನು ಪೂರ್ತಿ ಮರೆಸುವ ಸೇವೆಗಳು ಈ ವಿಷಯದಲ್ಲಿ ಮೇಲು. ಮೊಜಿಲ್ಲಾದ ಫೈರ್‌ಫಾಕ್ಸ್ ರಿಲೇ ಐದು ಮುಸುಕು ವಿಳಾಸಗಳನ್ನು ಉಚಿತವಾಗಿ ಕೊಡುತ್ತದೆ, ಸಿಂಪಲ್‌ಲಾಗಿನ್ ಹತ್ತು ಕೊಡುತ್ತದೆ. ಡಕ್‌ಡಕ್‌ಗೋ ಸೇವೆ ಪತ್ರದಲ್ಲಿ ಅಡಗಿಸಿಟ್ಟ ಜಾಡು ಹಿಡಿಯುವ ಚಿತ್ರಗಳನ್ನೂ ಕಿತ್ತು ಕಳುಹಿಸುತ್ತದೆ. ಬ್ಯಾಂಕು, ಆಧಾರ್, ತೆರಿಗೆಯಂಥ ಕಡೆಗಳಿಗೆ ಮಾತ್ರ ಇವುಗಳನ್ನು ಬಳಸಬೇಡಿ. ಮುಸುಕಿನ ಸೇವೆ ನಿಂತುಹೋದರೆ ಆ ಖಾತೆಗಳಿಗೆ ಮರಳಿ ದಾರಿ ಸಿಗದು.

ನಮ್ಮ ವಿಳಾಸ ಈಗಾಗಲೇ ಯಾವ ಸೋರಿಕೆಯಲ್ಲಿ ಹೊರಬಿದ್ದಿದೆ ಎಂದು ತಿಳಿಯಲು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣ ಚೆನ್ನಾಗಿದೆ. ಬ್ಯಾಂಕಿನ ಹೆಸರಿನ ಪತ್ರಗಳನ್ನು ಪರಖಾಯಿಸಲು ಈಗ ಇನ್ನೊಂದು ಗುರುತು ಸಿಕ್ಕಿದೆ: ರಿಸರ್ವ್ ಬ್ಯಾಂಕಿನ ಸೂಚನೆಯಂತೆ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಯಿಸಬೇಕಿತ್ತು. ಬ್ಯಾಂಕಿನ ಲಾಗಿನ್ ಪುಟವೆಂದು ತೋರಿಸುವ ಲಿಂಕ್ ಬೇರೆ ಯಾವುದೋ ವಿಳಾಸಕ್ಕೆ ಕರೆದೊಯ್ದರೆ ಅಲ್ಲಿಯೇ ನಿಲ್ಲಬೇಕು.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮಲ್ಲೊಂದು ದೊಡ್ಡ ಖಾಲಿ ಜಾಗವಿದೆ. ಅಮೆರಿಕ ಮತ್ತು ಆಸ್ಟ್ರೇಲಿಯ 2003ರಲ್ಲೇ ಕಸದ ಇಮೇಲ್‌ಗೆಂದು ಪ್ರತ್ಯೇಕ ಕಾಯ್ದೆ ಮಾಡಿದವು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ಜಾಹೀರಾತಿನ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಅನ್ವಯಿಸುತ್ತದೆ, 1909ಕ್ಕೆ ದೂರು ಕೊಡಬಹುದು; ಇಮೇಲ್ ಅದರ ವ್ಯಾಪ್ತಿಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನಿನ ಒಂದು ಭಾಗ ಕಿರಿಕಿರಿ ಮಾಡುವ, ಮೂಲದ ಬಗ್ಗೆ ದಾರಿ ತಪ್ಪಿಸುವ ಇಮೇಲ್‌ಗಳ ಬಗ್ಗೆ ಮಾತನಾಡುತ್ತಿತ್ತು. ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಮಾತಿನ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಕಸದ ಇಮೇಲ್‌ಗೆ ತಕ್ಕ, ಅಳತೆ ಮೀರದ ಕಾನೂನನ್ನು ಬಳಿಕ ಯಾರೂ ತರಲಿಲ್ಲ. ಬೇರೊಬ್ಬರ ಸೋಗು ಹಾಕಿ ವಂಚಿಸಿದರೆ 66ಡಿ ಅಡಿಯಲ್ಲಿ 3 ವರ್ಷಗಳವರೆಗೆ ಸೆರೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಇದೆ. ವಿಳಾಸಪಟ್ಟಿ ಮಾರುವವರ ಪತ್ರಕ್ಕೆ ಆ ಸೆಕ್ಷನ್ ತಗುಲುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು ಎಂದು ಹೇಳುವುದರಿಂದ ಅಂಥವರನ್ನು ಹಿಡಿಯಲು ಮುಂದೆ ದಾರಿಯಾಗಬಹುದು.

ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಒಂದೇ ಒಂದು ಇಮೇಲ್ ವಿಳಾಸವನ್ನು ಜನರಿಗೆ ಕೊಟ್ಟಿದೆ. ಸಂಶಯ ಬಂದ ಪತ್ರವನ್ನು ಅಲ್ಲಿಗೆ ಫಾರ್ವರ್ಡ್ ಮಾಡಿದರೆ ಸಾಕು. ಖಾತೆ ತೆರೆಯಬೇಕಿಲ್ಲ, ತಲೆಬರಹ ನಕಲಿಸಬೇಕಿಲ್ಲ. ವಂಚನೆಯ ತಾಣಗಳನ್ನು ಕೆಳಗಿಳಿಸುವ ಕೆಲಸವನ್ನು ಕೇಂದ್ರ ಮಾಡುತ್ತದೆ. ನಮ್ಮ ಸರ್ಟ್-ಇನ್‌ಗೆ ಅಂಥದ್ದೇ ವಿಳಾಸ ಈಗಾಗಲೇ ಇದೆ. ಅದನ್ನು 1930ರಷ್ಟೇ ಜೋರಾಗಿ ಕನ್ನಡದಲ್ಲಿ ಪ್ರಚಾರ ಮಾಡಿ, ಬ್ಯಾಂಕ್ ಶಾಖೆಗಳ ಮತ್ತು ಅಂಚೆ ಕಚೇರಿಗಳ ಗೋಡೆಯ ಮೇಲೆ ಬರೆಸಿ, ಕಳುಹಿಸಿದವರಿಗೆ ಏನು ಕ್ರಮವಾಯಿತು ಎಂಬ ಎರಡು ಸಾಲಿನ ಉತ್ತರ ಹೋಗುವಂತೆ ಮಾಡಿದರೆ, ಸಂಘದ ಸಭೆಗಳಲ್ಲಿ ಇದನ್ನು ವಿವರಿಸುವ ನನ್ನಂಥವರ ಕೆಲಸ ಬಹಳ ಹಗುರವಾಗುತ್ತದೆ.